ಕಲೂರಿನ ಷೇರುಪೇಟೆ, ಪ್ರಾಗ್‌ನ ಸುರಂಗ



ಕೊಚ್ಚಿಯ ಕಲೂರ್ ಎಂದರೆ ಈಗ ನೆನಪಾಗುವುದು ಜವಾಹರಲಾಲ್ ನೆಹರೂ ಕ್ರೀಡಾಂಗಣ, ಫುಟ್‌ಬಾಲ್ ದಿನಗಳ ಗದ್ದಲ. ಅದೇ ಕಲೂರಿನ ಜಡ್ಜಸ್ ಅವೆನ್ಯೂದಲ್ಲಿ ಒಂದು ಷೇರುಪೇಟೆ ಇತ್ತು ಎಂದರೆ ಅಲ್ಲಿಯ ಹುಡುಗರೇ ಹುಬ್ಬೇರಿಸಿಯಾರು. ಕೊಚ್ಚಿನ್ ಸ್ಟಾಕ್ ಎಕ್ಸ್‌ಚೇಂಜ್ ಹುಟ್ಟಿದ್ದು 1978ರಲ್ಲಿ, ಐದು ಕಂಪನಿ ಮತ್ತು ಹದಿನಾಲ್ಕು ಸದಸ್ಯರೊಂದಿಗೆ. ನಮ್ಮ ಮಂಗಳೂರಿನದು 1984ರದು. ಬೆಂಗಳೂರಿನದು ಎರಡಕ್ಕೂ ಹಿರಿಯದು, 1963ರದು. ಮೂರೂ ಈಗಿಲ್ಲ.

ಊರೂರಿಗೆ ಷೇರುಪೇಟೆ ಯಾಕೆ ಬೇಕಿತ್ತು? ಆಗಿನ ನಿಯಮ ಹಾಗಿತ್ತು. ಕಂಪನಿಯ ನೋಂದಾಯಿತ ಕಚೇರಿ ಯಾವ ಪ್ರದೇಶದಲ್ಲಿದೆಯೋ ಅಲ್ಲಿಯ ಪೇಟೆಯಲ್ಲಿ ಅದರ ಷೇರು ಪಟ್ಟಿಯಾಗಲೇಬೇಕಿತ್ತು. ಷೇರನ್ನು ಯಾವ ಬೆಲೆಗೆ ಮಾರಬೇಕೆಂದು ಕಂಪನಿ ತಾನೇ ತೀರ್ಮಾನಿಸುವಂತಿರಲಿಲ್ಲ, ದೆಹಲಿಯ ಅಧಿಕಾರಿಯೊಬ್ಬರ ಒಪ್ಪಿಗೆ ಬೇಕಿತ್ತು. 1992ರಲ್ಲಿ ಆ ಹುದ್ದೆಯೇ ಹೋಯಿತು. ಅದೇ ವರ್ಷ ಷೇರುಪೇಟೆಗಳ ಕಾವಲು ಸಂಸ್ಥೆ ಸೆಬಿಗೆ ಕಾನೂನಿನ ಬಲ ಬಂತು. ಬೆಲೆಯ ಕಟ್ಟು ಸಡಿಲಾದದ್ದೇ ತಡ, ಹೊಸ ಷೇರುಗಳ ಸುಗ್ಗಿ. ಅರ್ಜಿ ನಮೂನೆಗಳು ಮದುವೆಯ ಕರೆಯೋಲೆಗಳಂತೆ ಮನೆಮನೆಗೆ ಬಂದವು.

ಹೀಗೆ ಸರ್ಕಾರದ ಹಿಡಿತದಿಂದ ಪೇಟೆಯ ಕಡೆಗೆ ಹೊರಳುವ ಆರ್ಥಿಕತೆಯಲ್ಲಿ ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ, ಕೊಟ್ಟವನಿಗೆ ಅದು ಮರಳಿ ಬರುವುದೆಂಬ ಭರವಸೆ ಏನು? ಅರ್ಥಶಾಸ್ತ್ರಜ್ಞ ಸೈಮನ್ ಜಾನ್ಸನ್ ಬಹುಕಾಲ ಹಿಂದೆ ಬಿದ್ದ ಪ್ರಶ್ನೆ ಇದು. 2024ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೊಬ್ಬರು. ಕಮ್ಯುನಿಸ್ಟ್ ಆಡಳಿತ ಕಳಚಿಕೊಂಡ ಪೂರ್ವ ಯುರೋಪು ಅವರಿಗೆ ಪ್ರಯೋಗಶಾಲೆಯಂತೆ ಒದಗಿತು.

ಎಡ್ವರ್ಡ್ ಗ್ಲೇಸರ್ ಮತ್ತು ಆಂಡ್ರೈ ಶ್ಲೈಫರ್ ಜೊತೆ 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಜಾನ್ಸನ್ ಪೋಲೆಂಡನ್ನೂ ಚೆಕ್ ಗಣರಾಜ್ಯವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಚೆಕ್ಕರು ಸಾರ್ವಜನಿಕರಿಗೆ ಕೂಪನ್ ಪುಸ್ತಕ ಮಾರಿ, ಸರ್ಕಾರಿ ಕಾರ್ಖಾನೆಗಳ ಷೇರನ್ನು ಅದರ ಮೂಲಕವೇ ಹಂಚಿದರು. ಒಂದೆರಡು ವರ್ಷದಲ್ಲಿ ದೇಶದ ತುಂಬ ಷೇರುದಾರರು. ಕಾವಲುಗಾರ ಮಾತ್ರ ಇರಲಿಲ್ಲ. ಸೆಬಿಯಂಥ ಆಯೋಗ ಅಲ್ಲಿಗೆ ಬಂದದ್ದು 1998ರಲ್ಲಿ. ಪೋಲೆಂಡಿನವರು ನಿಧಾನಸ್ಥರು. 1991ರ ಏಪ್ರಿಲ್‌ನಲ್ಲಿ ವಾರ್ಸಾದ ಷೇರುಪೇಟೆ ತೆರೆದದ್ದು ಐದೇ ಕಂಪನಿಗಳಿಂದ, ಅದೂ ಕಮ್ಯುನಿಸ್ಟ್ ಪಕ್ಷದ ಹಳೆಯ ಕೇಂದ್ರ ಕಚೇರಿಯ ಕಟ್ಟಡದಲ್ಲಿ! ಆದರೆ ಕಟ್ಟುನಿಟ್ಟಿನ ಆಯೋಗ ಮೊದಲ ದಿನದಿಂದಲೇ ಕಣ್ಣಿಟ್ಟಿತ್ತು. ಮುಂದೆ ಪ್ರಾಗ್‌ನ ಚೆಕ್ ಷೇರುಪೇಟೆಯ ಪಟ್ಟಿಯಿಂದ ಸಾವಿರಕ್ಕೂ ಹೆಚ್ಚು ಕಂಪನಿಗಳು ಉದುರಿಹೋದವು, ವಾರ್ಸಾದ ಪಟ್ಟಿ ಬೆಳೆಯಿತು.

ಪ್ರಾಗ್‌ನಲ್ಲಿ ಆದದ್ದೇನು? ಚೆಕ್ಕರೇ ಅದಕ್ಕೊಂದು ಹೆಸರು ಕೊಟ್ಟರು: ಸುರಂಗ ಕೊರೆಯುವುದು. ಕಾಸರಗೋಡು, ಪುತ್ತೂರು ಕಡೆಯವರಿಗೆ ಸುರಂಗ ಎಂದರೆ ಮುರಕಲ್ಲಿನ ಗುಡ್ಡ ಕೊರೆದು ತೋಟಕ್ಕೆ ನೀರು ತರುವ ದಾರಿ, ಪುಣ್ಯದ ಕೆಲಸ. ಇದು ತಿರುವುಮುರುವು. ಒಂದು ಹಂಚಿನ ಕಾರ್ಖಾನೆ ಇದೆ ಎಂದುಕೊಳ್ಳಿ. ಅದರ ಯಜಮಾನ ಕಾರ್ಖಾನೆಯ ಜಾಗವನ್ನು ಭಾವಮೈದುನನ ಕಂಪನಿಗೆ ಮೂರು ಕಾಸಿಗೆ ಮಾರುತ್ತಾನೆ, ಅವನಿಂದಲೇ ದುಬಾರಿ ಬೆಲೆಗೆ ಮಣ್ಣು ಕೊಳ್ಳುತ್ತಾನೆ. ಹೊರಗೆ ಚಿಮಣಿಯಿಂದ ಹೊಗೆ ಬರುತ್ತಲೇ ಇದೆ, ಒಳಗೆ ಎಲ್ಲ ಖಾಲಿ. ಜಾನ್ಸನ್ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದ ಕಹಿ ಸಂಗತಿಯೆಂದರೆ, ಈ ಕೊರೆತ ಎಷ್ಟೋ ಸಲ ಕಾನೂನಿನ ಚೌಕಟ್ಟಿನೊಳಗೇ ನಡೆಯುತ್ತದೆ, ಪಶ್ಚಿಮ ಯುರೋಪಿನ ಸಿರಿವಂತ ದೇಶಗಳಲ್ಲೂ.

ನಾವು ಬೀಗುವಂತಿಲ್ಲ. 1998ರ ಒಂದು ಪ್ರಸಿದ್ಧ ಅಧ್ಯಯನ ಷೇರುದಾರರ ಹಕ್ಕಿಗೆ ಆರರವರೆಗೆ ಅಂಕ ಹಾಕಿದಾಗ ಭಾರತಕ್ಕೆ ಐದು ಸಿಕ್ಕಿತ್ತು. ಕಾಗದದ ಮೇಲೆ ನಾವು ಜಾಣರು. ಆದರೆ ತೊಂಬತ್ತರ ಆ ಸುಗ್ಗಿಯಲ್ಲಿ ದುಡ್ಡೆತ್ತಿ ವಿಳಾಸವೇ ಇಲ್ಲದಂತಾದ ಇನ್ನೂರಕ್ಕೂ ಹೆಚ್ಚು ಕಂಪನಿಗಳನ್ನು ಸರ್ಕಾರವೇ ‘ಮಾಯವಾದ ಕಂಪನಿಗಳು’ ಎಂದು ಪಟ್ಟಿ ಮಾಡಬೇಕಾಯಿತು. ಊರಿನ ಪೇಟೆಗೆ ಊರಿನ ಕಂಪನಿಯ ಗುಣ ಗೊತ್ತಿರುತ್ತದೆ ಎಂಬ ಮಾತನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ. ಗೊತ್ತಿರುವುದು ಬೇರೆ, ತಡೆಯುವ ಅಧಿಕಾರ ಬೇರೆ. ಪರಿಚಯದವರನ್ನು ತಡೆಯುವುದಂತೂ ಇನ್ನೂ ಕಷ್ಟ.

ಕೊಚ್ಚಿಯ ಪೇಟೆ ಮುಚ್ಚಿದ್ದು ಸುರಂಗದಿಂದಲ್ಲ, ವ್ಯಾಪಾರ ಬತ್ತಿ. 1994ರಲ್ಲಿ ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್ ಉಪಗ್ರಹದ ಮೂಲಕ ವಹಿವಾಟು ಶುರುಮಾಡಿತು. ಕೊಚ್ಚಿಯ ದಲ್ಲಾಳಿ ಕೂತಲ್ಲಿಂದಲೇ ಮುಂಬೈಯ ಪೇಟೆಗೆ ಕೈಹಾಕಬಹುದಾಯಿತು. ಕೊಚ್ಚಿಯೂ 1997ರಲ್ಲಿ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯಿತು, ಆದರೆ ಕೊಳ್ಳುವವರು ಹೆಚ್ಚಿರುವ ಸಂತೆಗೇ ಮಾರುವವರೂ ಹೋಗುತ್ತಾರೆ. ಮಂಗಳೂರಿನ ಪೇಟೆ ಮೊದಲೇ ಮಾನ್ಯತೆ ಕಳೆದುಕೊಂಡಿತು. ವರ್ಷಕ್ಕೆ ಸಾವಿರ ಕೋಟಿ ರೂಪಾಯಿ ವಹಿವಾಟಿಲ್ಲದ ಪೇಟೆಗಳು ಹೊರನಡೆಯಬೇಕೆಂದು ಸೆಬಿ 2012ರಲ್ಲಿ ಹೇಳಿತು. 2014ರ ಡಿಸೆಂಬರ್‌ನಲ್ಲಿ ಕೊಚ್ಚಿ, ಬೆಂಗಳೂರು ಎರಡೂ ಹೊರಬಿದ್ದವು.

ಉಳಿದವರು ಷೇರುದಾರರು. ಊರಿನ ಪೇಟೆಯಲ್ಲಷ್ಟೇ ಪಟ್ಟಿಯಾಗಿದ್ದ ಕಂಪನಿಗಳ ಹೆಸರನ್ನು ದೊಡ್ಡ ಪೇಟೆಗಳ ‘ಪ್ರಸರಣ ಮಂಡಳಿ’ ಎಂಬ ಪ್ರತ್ಯೇಕ ಫಲಕಕ್ಕೆ ಸಾಗಿಸಿದರು. ಅಂಥ ಕಂಪನಿಗಳು ಒಂದೋ ಬಂಡವಾಳ ಹೆಚ್ಚಿಸಿಕೊಂಡು ದೊಡ್ಡ ಪೇಟೆ ಸೇರಬೇಕು, ಇಲ್ಲವೇ ಪ್ರವರ್ತಕರು ಷೇರುದಾರರಿಗೆ ದುಡ್ಡು ಕೊಟ್ಟು ಬಿಡುಗಡೆ ಮಾಡಬೇಕೆಂದು 2016ರಲ್ಲಿ ಆದೇಶವಾಯಿತು. 2019ರ ಏಪ್ರಿಲ್‌ನಿಂದ ಕಾಗದದ ಷೇರುಪತ್ರವನ್ನು ಮಾರಿ ಇನ್ನೊಬ್ಬರ ಹೆಸರಿಗೆ ಮಾಡಿಸುವಂತಿಲ್ಲ. ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿ ಅಂಥದೊಂದು ಪತ್ರ ಸಿಕ್ಕಿದವರು ಮೊದಲು ಆ ಕಂಪನಿ ಇನ್ನೂ ಬದುಕಿದೆಯೇ ಎಂದು ವಿಚಾರಿಸಬೇಕು, ಆಮೇಲೆ ಷೇರನ್ನು ಕಂಪ್ಯೂಟರಿನಲ್ಲಿ ದಾಖಲಿಸಿಡುವ ಡಿಮ್ಯಾಟ್ ಖಾತೆಗೆ ಓಡಾಡಬೇಕು.