ಚಂದದ ಬಾಗಿಲು ಯಾರಿಗೆ ತೆರೆಯುತ್ತೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಕಬ್ಬು, ತಂಬಾಕಿನ ಗಡಿ ಸೀಮೆ. ಪಹಣಿ, ಅಂದರೆ ಇಲ್ಲಿಯವರ ಮಾತಲ್ಲಿ ಉತಾರ, ಅದನ್ನೂ ಈಗ ವೆಬ್‌ಸೈಟಲ್ಲೇ ನೋಡಬಹುದು. ವೆಬ್‌ಸೈಟೇ ಕಚೇರಿ.

ಎಷ್ಟೋ ವೆಬ್‌ಸೈಟು ನೋಡೋಕೆ ಚಂದ. ಸರಿದಾಡೋ ಚಿತ್ರ, ತೆಳು ಬೂದು ಅಕ್ಷರ. ಕಣ್ಣು ಮಂಜಾದ ಅಜ್ಜ ಓದೋದು ಹೇಗೆ? ಅಂಧರಿಗೆ ಫೋನೇ ಪರದೆ ಓದಿ ಹೇಳುತ್ತೆ, ನಿಜ. ಆದರೆ ಬಟನ್‌ಗೆ ಹೆಸರೇ ಕೊಡದಿದ್ದರೆ ಅದು ಬರೀ ‘ಬಟನ್’ ಅನ್ನುತ್ತೆ, ಅಷ್ಟೇ. ಕ್ಯಾಪ್ಚಾ ಬರೀ ಚಿತ್ರವಾಗಿದ್ದರೆ ಅಲ್ಲಿಗೆ ದಾರಿ ಬಂದ್. ಕೊನೆಗೆ? ‘ತಮ್ಮಾ, ಇದೊಂದಿಷ್ಟು ತುಂಬಿಕೊಡಪ್ಪಾ’ ಅಂತ ಫೋನು, ಓಟಿಪಿ ಎರಡೂ ಪರರ ಕೈಗೆ. ನಾಳೆ ಖಾತೆ ಖಾಲಿಯಾದರೆ ಹೊಣೆ ಯಾರು?

ಇದು ದಯೆಯ ಪ್ರಶ್ನೆ ಅಲ್ಲ, ಹಕ್ಕಿನ ಪ್ರಶ್ನೆ. ಆಸಿಡ್ ದಾಳಿಯಲ್ಲಿ ಕಣ್ಣಿಗೆ ಪೆಟ್ಟಾದವರಿಗೆ ಕೆವೈಸಿಗಾಗಿ ‘ಕಣ್ಣು ಮಿಟುಕಿಸಿ’ ಅಂದರೆ ಹೇಗೆ? ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮುಂದೆ ಬಂತು. ಡಿಜಿಟಲ್ ಸೇವೆ ಎಲ್ಲರಿಗೂ ಸಿಗುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು 2025ರ ಏಪ್ರಿಲ್ 30ರಂದು ಕೋರ್ಟ್ ಹೇಳಿತು.

ಚಂದ ಬೇಡ ಅಂತ ನಾನು ಹೇಳುತ್ತಿಲ್ಲ. ಅಕ್ಷರದ ಬಣ್ಣ ಗಾಢವಾಗಲಿ, ಪ್ರತಿ ಬಟನ್‌ಗೂ ಕನ್ನಡದ ಹೆಸರಿರಲಿ. ಅದರಿಂದ ಅಂದವೇನೂ ಕೆಡಲ್ಲ. ವೆಬ್‌ಸೈಟ್ ಬಿಡುಗಡೆಗೆ ಮುಂಚೆ ಅಥಣಿಯ ಒಬ್ಬ ಅಜ್ಜನ ಕೈಗೆ ಫೋನ್ ಕೊಡಿ. ಯಾರನ್ನೂ ಕೇಳದೆ ಅವರ ಉತಾರ ಅವರೇ ತೆರೆದು ನೋಡಿದರೆ, ಆಗ ಒಪ್ಪೋಣ: ನಿಮ್ಮ ವೆಬ್‌ಸೈಟ್ ಚಂದ.