ಸಂಬಳ ಒಪ್ಪಿದೆ, ಹೊತ್ತು ಒಪ್ಪಿಲ್ಲ

(ಹಿರಿಯೂರಿನಲ್ಲಿ ಮಿಲ್ ಕೆಲಸಗಾರರ ಮತ್ತು ವರ್ತಕರ ಸಭೆಯಲ್ಲಿ ಆಡಿದ ಮಾತು)



ಭಾನುವಾರ ರಾತ್ರಿ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಬೆನ್ನಿಗೆ ಕರಿ ಚೀಲ ಏರಿಸಿದ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸಿಗೆ ಕಾದಿರುತ್ತಾರೆ. ಕೆಲವರು ನನ್ನ ಬಳಿ ಮಗ್ಗಿ ಕಲಿತವರು. ಕಂಪ್ಯೂಟರ್ ಕಂಪನಿಯ ಕೆಲಸದಲ್ಲಿ ನಿಮಗೆ ಹಿಡಿಸಿದ್ದೇನು, ಹಿಡಿಸದ್ದೇನು ಎಂದು ಅವರನ್ನು ಕೇಳುತ್ತ ಬಂದಿದ್ದೇನೆ.

ಒಳ್ಳೆಯದನ್ನು ಮೊದಲು ಹೇಳಬೇಕು. ಅದನ್ನು ಮುಚ್ಚಿಟ್ಟು ಭಾಷಣ ಮಾಡುವುದು ನನಗೆ ಒಗ್ಗದು. ಸಂಬಳ ತಪ್ಪದೆ ಬ್ಯಾಂಕಿಗೆ ಬೀಳುತ್ತದೆ. ಅದರಲ್ಲಿ ಅಪ್ಪನ ಸಾಲ ತೀರಿದೆ, ಸೋರುವ ಹೆಂಚು ಹೋಗಿ ತಾರಸಿ ಬಂದಿದೆ. ಪ್ರಾವಿಡೆಂಟ್ ಫಂಡ್ ಉಂಟು, ಆಸ್ಪತ್ರೆಗೆ ವಿಮೆ ಉಂಟು. ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ, ಹೆಸರು ಹಿಡಿದೇ ಕರೆಯಬಹುದು. "ನೀನು ಯಾವ ಕೇರಿಯವಳು ಅಂತ ಅಲ್ಲಿ ಯಾರೂ ಕೇಳಲಿಲ್ಲ ಮೇಷ್ಟ್ರೇ" ಎಂದು ಒಬ್ಬ ಹುಡುಗಿ ಹೇಳಿದಳು. ನನಗೆ ಮಾತೇ ಹೊರಡಲಿಲ್ಲ.

ಹಿಡಿಸದ್ದು? ಹೊತ್ತಿಗೆ ಮೇರೆಯಿಲ್ಲದ್ದು. ನ್ಯೂಯಾರ್ಕಿನಲ್ಲಿ ಬೆಳಗಾದಾಗ ನಮಗೆ ಸಂಜೆ. ಅಲ್ಲಿಯ ಗಿರಾಕಿ ಕಚೇರಿಗೆ ಬಂದು ಕೂತಾಗ ಇಲ್ಲಿಯವನು ತಟ್ಟೆ ಸರಿಸಿ ಮಾತಿಗೆ ಕೂರಬೇಕು. ಮಿಲ್ಲಿನ ಸೈರನ್ ಕೂಗಿದರೆ ಪಾಳಿ ಮುಗಿಯಿತು. ಲ್ಯಾಪ್‌ಟಾಪಿಗೆ ಸೈರನ್ ಇಲ್ಲ; ಅದು ಮನೆಗೂ ಬರುತ್ತದೆ, ಹಬ್ಬಕ್ಕೆ ಊರಿಗೂ ಬರುತ್ತದೆ.

ಇನ್ನೊಂದು 'ಬೆಂಚು'. ವಹಿಸಲು ಕೆಲಸವಿಲ್ಲದವರನ್ನು ಬೆಂಚಿನ ಮೇಲಿದ್ದಾರೆ ಎನ್ನುತ್ತಾರಂತೆ. ಲೆಕ್ಕ ತಪ್ಪಿದ ಹುಡುಗರನ್ನು ನಾನೂ ಬೆಂಚಿನ ಮೇಲೆ ನಿಲ್ಲಿಸಿದ್ದುಂಟು, ಗಂಟೆ ಹೊಡೆದೊಡನೆ ಇಳಿಸುತ್ತಿದ್ದೆ. ಅಲ್ಲಿ ತಿಂಗಳುಗಟ್ಟಲೆ ಕಾದವನಿಂದ ಕೊನೆಗೆ "ನಾನಾಗಿಯೇ ಬಿಟ್ಟೆ" ಎಂದು ಬರೆಸಿಕೊಳ್ಳುವುದೂ ಉಂಟು. ತಾನಾಗಿ ಬಿಡುವೆನೆಂದರೆ ಮಾತ್ರ ಎಷ್ಟೋ ಕಡೆ ಮೂರು ತಿಂಗಳ ನೋಟೀಸು!

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಹನ್ನೊಂದೂವರೆ ಗಂಟೆ ಮೀರುತ್ತದೆ. "ನಾವೂ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಗಲ್ಲಾ ಮುಂದೆ ಕೂರುವುದಿಲ್ಲವೆ?" ಎಂದು ವರ್ತಕ ಮಿತ್ರರು ಕೇಳಬಹುದು. ಕೂರುತ್ತೀರಿ, ನಿಜ. ಆದರೆ ಗಲ್ಲಾ ನಿಮ್ಮದು.

2024ರ ಜುಲೈನಲ್ಲಿ ಈ ನೌಕರರನ್ನು ದಿನಕ್ಕೆ 12 ಗಂಟೆಗೂ ಮೀರಿ ದುಡಿಸಲು ಅವಕಾಶ ಬೇಕೆಂಬ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂತು. ತಿದ್ದಹೊರಟದ್ದು ಯಾವ ಕಾಯಿದೆಯನ್ನು? 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯನ್ನು. ಪೇಟೆಯ ಜವಳಿ ಅಂಗಡಿಯ ಗುಮಾಸ್ತನಿಗೂ ಗಾಜಿನ ಕಟ್ಟಡದ ಇಂಜಿನಿಯರಿಗೂ ಅದೊಂದೇ ಕಾಯಿದೆ! 2017ರಲ್ಲಿ ಕಟ್ಟಿದ ಕರ್ನಾಟಕ ರಾಜ್ಯ ಐಟಿ-ಐಟಿಇಎಸ್ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು. ನಮ್ಮ ಹುಡುಗರಲ್ಲಿ ಎಷ್ಟು ಮಂದಿ ಅದರ ಸದಸ್ಯರು ಎಂದು ಕೇಳಿದೆ. "ನಾವು ಕೂಲಿಯವರಲ್ಲ ಮೇಷ್ಟ್ರೇ" ಎಂದು ಒಬ್ಬ ನಕ್ಕ. ಈ ಬಿಂಕವೇ ಅವರಿಗೆ ದುಬಾರಿಯಾಗಿದೆ ಎಂದು ನನ್ನ ಎಣಿಕೆ.

ಆ ಹುಡುಗನ ತಂದೆ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಮಗ್ಗ ನಡೆಸಿದವರು. 1946ರ ಕಾಯಿದೆಯಂತೆ ಅಲ್ಲಿ ಸ್ಥಾಯಿ ಆದೇಶಗಳಿದ್ದವು. ಪಾಳಿ ಎಷ್ಟು, ರಜೆ ಎಷ್ಟು, ತಪ್ಪು ಹೊರಿಸಿದರೆ ವಿಚಾರಣೆ ಹೇಗೆ ಎಂದು ಬರೆದು, ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಬಾಗಿಲ ಬಳಿ ಅಂಟಿಸಬೇಕಿತ್ತು. ಐಟಿ ಕಂಪನಿಗಳಿಗೆ ನಮ್ಮ ಸರ್ಕಾರ 2014ರಲ್ಲಿ ಅದರಿಂದ ಐದು ವರ್ಷ ವಿನಾಯಿತಿ ಕೊಟ್ಟಿತು. 2019ರಲ್ಲಿ ಮತ್ತೆ ಕೊಟ್ಟಿತು, 2024ರಲ್ಲಿ ಮತ್ತೆ. ಕುಂದುಕೊರತೆ ಸಮಿತಿ ಇರಬೇಕೆಂಬುದೂ ಸೇರಿ ಕೆಲವು ಷರತ್ತು ಹಾಕಿತು. 2025ರ ನವೆಂಬರಿನಲ್ಲಿ ಕೇಂದ್ರದ ಹೊಸ ಸಂಹಿತೆಗಳು ಜಾರಿಯಾಗಿ ಆ ಹಳೆಯ ಕಾಯಿದೆಯೇ ಹೋಗಿದೆ.

ಹೋದ ಯುಗಾದಿಗೆ ಬಂದ ಹುಡುಗ ಅಪ್ಪನ ಟ್ರಂಕಿನಲ್ಲಿ ಆ ನಿಯಮಗಳ ಪುಸ್ತಿಕೆ ಕಂಡನಂತೆ. ಜಗಲಿಯ ಮೇಲೆ ಕೂತು ಪೂರ್ತಿ ಓದಿ, "ಅಪ್ಪಾ, ಹೊತ್ತು ಮೀರಿ ದುಡಿದರೆ ನಿಮಗೆ ಇಮ್ಮಡಿ ಕೂಲಿ ಕೊಡುತ್ತಿದ್ದರಾ?" ಎಂದು ಕೇಳಿದ. ಉತ್ತರ ಕೇಳುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಎದ್ದು ಒಳಗೆ ಹೋದ.