ಹಳೆಯದು ಚಂದ ಅನ್ನಿಸಿದ್ರೆ, ಒಮ್ಮೆ ತಿರುಗಿಸಿ ನೋಡಿ

ಇವತ್ತಿನ ಮಾತು ಹಳೆಯ ವಸ್ತುಗಳ ಬಗ್ಗೆ. ಅಜ್ಜಿ ಕಾಲದ ಸೀರೆ, ಕೈಯಲ್ಲಿ ಹೊಲಿದ ಕೌದಿ, ಮರದ ಗೊಂಬೆ. ಇನ್‌ಸ್ಟಾಗ್ರಾಮ್ ತೆಗೆದ್ರೆ ಸಾಕು, 'ವಿಂಟೇಜ್' ಅನ್ನೋ ಹೆಸರಲ್ಲಿ ಇವೇ ಕಾಣ್ತವೆ. ನಾವೂ ಒಂದು ಸ್ಕ್ರೀನ್‌ಶಾಟ್ ತೆಗೆದು, 'ನನ್ನ ರೂಮೂ ಹೀಗೇ ಇರಬೇಕು' ಅಂದ್ಕೊಳ್ತೀವಿ.

ತಪ್ಪೇನಿಲ್ಲ. ಆದ್ರೆ ಫೋಟೋದಲ್ಲಿ ಕಾಣೋದು ಮುಂಭಾಗ ಮಾತ್ರ. ಹಳೆಯ ವಸ್ತುವಿನಿಂದ ನಿಜವಾಗಿ ಏನಾದ್ರೂ ಕಲಿಯಬೇಕು ಅಂದ್ರೆ ಅದನ್ನ ಕೈಗೆ ತಗೊಂಡು ತಿರುಗಿಸಿ ನೋಡಬೇಕು. ಅದು ಹೇಗೆ ಆಯ್ತು ಅನ್ನೋ ಕಥೆ ಹಿಂಭಾಗದಲ್ಲಿರುತ್ತೆ.

ಮೊದಲು ಕಸೂತಿ. ಧಾರವಾಡದ ಕಡೆಯ ಕಸೂತಿ ಗೊತ್ತಲ್ವಾ? ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ. ಇದರಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರ್ಕೊಂಡು ಅದರ ಮೇಲೆ ಹೊಲಿಯೋದಲ್ಲ, ಎಳೆ ಎಣಿಸಿ ಹೊಲಿಯೋದು. ಗವಂತಿಯಲ್ಲಿ ಸೂಜಿ ಒಂದು ದಾರಿಯಲ್ಲಿ ಜಾಗ ಬಿಟ್ಟು ಬಿಟ್ಟು ಹೋಗುತ್ತೆ, ವಾಪಸ್ ಬರುವಾಗ ಆ ಖಾಲಿ ಜಾಗಗಳನ್ನೆಲ್ಲ ತುಂಬುತ್ತೆ. ಗಂಟು ಹಾಕೋದಿಲ್ಲ. ಹಾಗಾಗಿ ಬಟ್ಟೆ ತಿರುಗಿಸಿದ್ರೆ ಎರಡೂ ಕಡೆ ಒಂದೇ ಚಿತ್ರ! ಹೋಗೋ ದಾರಿ ಗೊತ್ತಿದ್ರೆ ಸಾಲದು, ವಾಪಸ್ ಬರೋ ದಾರಿಯನ್ನೂ ಮೊದಲೇ ಲೆಕ್ಕ ಹಾಕಿರಬೇಕು. ಶಾಲೆಯ ಮೆಟ್ಟಿಲು ಹತ್ತದ ಎಷ್ಟೋ ಹೆಣ್ಣುಮಕ್ಕಳು ಈ ಲೆಕ್ಕವನ್ನ ತಲೆಯಲ್ಲೇ ಇಟ್ಕೊಂಡಿದ್ರು.

ಈಗ ಅಂಗಡಿಯಲ್ಲಿ 'ಕಸೂತಿ ಕುರ್ತಾ' ಅಂತ ಸಿಗೋ ಎಷ್ಟೋ ಬಟ್ಟೆಗಳನ್ನ ತಿರುಗಿಸಿ ನೋಡಿ. ಒಂದೋ ಪ್ರಿಂಟ್, ಇಲ್ಲಾ ಮೆಷಿನ್ ದಾರದ ಗೋಜಲು. ಕೊಳ್ಳಬೇಡಿ ಅಂತಲ್ಲ. ಕೈಕೆಲಸದ ಬೆಲೆ ಕೊಟ್ಟು ಪ್ರಿಂಟ್ ತರಬೇಡಿ, ಅಷ್ಟೇ.

ಇನ್ನು ಸೀರೆ. ನನ್ನ ಹತ್ತಿರ ಅಜ್ಜಿದು ಎರಡು ಇಳಕಲ್ ಸೀರೆ ಇವೆ. ಅಜ್ಜಿ ಗದಗ ಕಡೆಯವರು. ಒಂದರಿಂದ ಕುಶನ್ ಕವರ್ ಮಾಡಿಸೋಣ ಅಂತ ನಾನು ಅಂದಾಗ ಅಮ್ಮ ನನ್ನ ಮುಖ ನೋಡಿ, "ಉಡೋ ಸೀರಿಗೆ ಕತ್ತರಿ ಹಾಕ್ತೀಯೇನು?" ಅಂದ್ರು. ನಾನು ಬಿಡಲಿಲ್ಲ. "ಟ್ರಂಕಿನಲ್ಲಿ ನುಸಿಗುಳಿಗೆ ವಾಸನೆ ಕುಡೀತಾ ಇರೋದಕ್ಕಿಂತ ಸೋಫಾ ಮೇಲಿದ್ರೆ ಒಳ್ಳೇದಲ್ವಾ?" ಅಂದೆ. ಇದು ನಿಮ್ಮ ಮನೆಯಲ್ಲೂ ಆಗಿರಬಹುದಾದ ಜಗಳ.

ಕೊನೆಗೆ ಇಬ್ಬರೂ ಕೂತು ಸೀರೆ ಬಿಚ್ಚಿ ನೋಡಿದ್ವಿ. ಇಳಕಲ್ ಸೀರೆಯ ವಿಶೇಷ ಇರೋದು ಮೈ ಮತ್ತು ಸೆರಗು ಸೇರುವ ಜಾಗದಲ್ಲಿ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸಿ, ಆಮೇಲೆ ನೇಯ್ತಾರೆ. ಕೆಂಪು ಸೆರಗಲ್ಲಿ ಬಿಳಿ ಪಟ್ಟೆ, ಅದರಲ್ಲಿ ಹಣಿಗೆ, ಜೋಳದ ತೆನೆ. ಊರಲ್ಲಿ ಕಣ್ಣಿಗೆ ಬಿದ್ದದ್ದೇ ಸೆರಗಿಗೆ ಬಂದಿದೆ. ಆ ಕೊಂಡಿಯನ್ನ ಬೆರಳಲ್ಲಿ ಮುಟ್ಟಿದ ಮೇಲೆ ನನಗೆ ಕತ್ತರಿ ಹಿಡಿಯೋಕೆ ಮನಸ್ಸಾಗಲಿಲ್ಲ.

ಆದ್ರೆ ಎರಡನೇ ಸೀರೆ ಮಡಿಕೆ ಮಡಿಕೆಯಲ್ಲೂ ಪಿಸಿದಿತ್ತು. ಅದನ್ನ ಉಡೋಕೆ ಆಗಲ್ಲ ಅಂತ ಅಮ್ಮನೇ ಒಪ್ಪಿದ್ರು. ನಮ್ಮ ತೀರ್ಮಾನ ಇಷ್ಟು: ಉಡೋಕೆ ಬರೋದನ್ನ ಉಡೋದು, ಬಾರದ್ದನ್ನ ಕೌದಿಗೆ ಕೊಡೋದು. ನಾನೀಗ ಮೊದಲನೇ ಸೀರೆಯನ್ನ ಕಪ್ಪು ಶರ್ಟ್ ಮೇಲೆ ಉಡ್ತೀನಿ. ಅಮ್ಮ ಮುಖ ಸಿಂಡರಿಸ್ತಾರೆ, ಫೋಟೋನೂ ಅವರೇ ತೆಗೀತಾರೆ.

ಈಗ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಸೀರೆ, ಧೋತರ ಯಾವುದೂ ಕಸಕ್ಕೆ ಹೋಗ್ತಿರಲಿಲ್ಲ. ಪದರದ ಮೇಲೆ ಪದರ ಇಟ್ಟು, ಸಾಲು ಸಾಲಾಗಿ ಹೊಲಿದ್ರೆ ಕೌದಿ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಂಗಸರೂ ಹೊಲೀತಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು ಇವರು. ಇವರ ಕೌದಿಯಲ್ಲಿ ಹೊಲಿಗೆ ಅಂಚಿಂದ ಶುರುವಾಗಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಪುಟ್ಟ ತ್ರಿಕೋನಗಳನ್ನ ಹಚ್ತಾರೆ. ಅದಕ್ಕೆ 'ಫುಲ' ಅಂತಾರೆ, ಅಂದ್ರೆ ಹೂವು.

ಫುಲ ಇಲ್ಲದಿದ್ರೂ ಕೌದಿ ಬೆಚ್ಚಗೇ ಇರುತ್ತೆ. ಆದ್ರೂ ಅದಿಲ್ಲದೆ ಕೌದಿ ಪೂರ್ತಿಯಾಯ್ತು ಅಂತ ಅವರಿಗೆ ಅನ್ನಿಸೋದಿಲ್ಲ. ನನಗೆ ತುಂಬಾ ಇಷ್ಟವಾದ ವಿಷಯ ಇದು. ಹರಿದ ಬಟ್ಟೆಯಲ್ಲೇ ಹೊದಿಕೆ ಮಾಡ್ಕೊಳ್ಳೋ ಮನೆಯಲ್ಲೂ, ಸುಮ್ಮನೆ ಚಂದಕ್ಕೆ ಅಂತ ನಾಲ್ಕು ಹೂವಿಗೆ ಬಟ್ಟೆ, ಸಮಯ ಎರಡೂ ಇರುತ್ತೆ.

ಗೊಂಬೆ ಬಗ್ಗೆ ಒಂದೇ ಮಾತು. ಚನ್ನಪಟ್ಟಣದ ಗೊಂಬೆಗೆ ಬ್ರಷ್ಷಲ್ಲಿ ಬಣ್ಣ ಬಳಿಯೋದಿಲ್ಲ. ಹಾಲೆ ಮರದ ತುಂಡು ತಿರುಗ್ತಾ ಇರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತೆ, ತಾಳೆ ಗರಿ ಒತ್ತಿದ್ರೆ ಹೊಳಪು ಬರುತ್ತೆ. ಆ ದುಂಡು ದುಂಡು ಆಕಾರ ತಿರುಗುವ ಯಂತ್ರದ ಗುಣ. ಮುದ್ದಾಗಿ ಕಾಣೋದಕ್ಕೂ ಒಂದು ಕಾರಣ ಇದೆ ಅಂತಾಯ್ತು.

ಹಾಗಾದ್ರೆ ನಾವೇನು ಮಾಡಬಹುದು? ಚಿತ್ರ ಕದಿಯೋ ಬದಲು ವಿಧಾನ ಕಲೀರಿ. ನೀವು ಡಿಸೈನ್ ಮಾಡೋರಾದ್ರೆ, ಹೋದ ದಾರಿಯಲ್ಲೇ ವಾಪಸ್ ಬರೋ ಗೆರೆಯಲ್ಲಿ ಒಂದು ಚಿತ್ರ ಬಿಡಿಸಿ ನೋಡಿ. ಹೊಲಿಗೆ ಬರೋದಾದ್ರೆ, ಹಳೆಯ ಟೀ ಶರ್ಟುಗಳಲ್ಲೇ ಕೌದಿ ಶುರು ಮಾಡಿ. ನಿಮ್ಮ ಊರಲ್ಲಿ ಕಣ್ಣಿಗೆ ಬೀಳೋದನ್ನ ಅದಕ್ಕೆ ತನ್ನಿ. ಮೆಟ್ರೋ ಕಂಬ, ಆಟೋ, ಪಾನಿಪುರಿ ಗಾಡಿ, ಏನಾದ್ರೂ ಸರಿ. ತೆನೆ ನೇಯ್ದವರೂ ಮಾಡಿದ್ದು ಅದನ್ನೇ.

ಕೊಳ್ಳುವಾಗ ಮಾತ್ರ ಒಂದು ನೆನಪಿಡಿ. ಕಸೂತಿ, ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಮೂರಕ್ಕೂ ಜಿಐ ಟ್ಯಾಗ್ ಇದೆ. ಅದು ಹೆಸರನ್ನ ಕಾಯುತ್ತೆ, ಕೂಲಿಯನ್ನ ಕಾಯೋದಿಲ್ಲ. ಎಷ್ಟು ದಿನದ ಕೆಲಸ ಅಂತ ಕೇಳಿ, ಆ ದಿನಗಳಿಗೆ ನಿಮ್ಮ ಸಂಬಳ ಎಷ್ಟಾಗುತ್ತೆ ಅಂತ ಯೋಚಿಸಿ, ಆಮೇಲೆ ಚೌಕಾಸಿ ಮಾಡಬೇಕೋ ಬೇಡವೋ ನೀವೇ ಹೇಳಿ.

ಈ ವಾರ ಮನೆಯಲ್ಲಿರೋ ಒಂದು ಹಳೆಯ ಬಟ್ಟೆ ತೆಗೆದು ತಿರುಗಿಸಿ ನೋಡಿ. ಹಿಂಭಾಗದ ಫೋಟೋ ನಮಗೆ ಕಳಿಸಿ. ಮಾಡಿದವರು ಯಾರು ಅಂತ ಗೊತ್ತಿದ್ರೆ ಅದನ್ನೂ ಬರೀರಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.